ತೊಗಟೆ ತಲುಪಿದ ಕಡೆಗೆ ಬಳ್ಳಿಯೂ ತಲುಪಬೇಕು

ಡೌನ್ ಸಿಂಡ್ರೋಮ್‌ನಂಥ ತೊಂದರೆಯನ್ನು ಪತ್ತೆ ಮಾಡಲು ಮಗುವಿನ ವರ್ಣತಂತುಗಳನ್ನು ಎಣಿಸಬೇಕಾಗುತ್ತದೆ. ಅದಕ್ಕಾಗಿ ಪ್ರಯೋಗಾಲಯಕ್ಕೆ ಬಂದ ರಕ್ತಕ್ಕೆ ಅಲ್ಲಿನವರು ಮೊದಲು ಬೆರೆಸುವ ವಸ್ತುಗಳಲ್ಲಿ ರಾಜ್ಮಾ ಕಾಳಿನ ಸಾರವೂ ಒಂದು. ನಾವು ನೆನೆಹಾಕಿ ಬೇಯಿಸಿ ತಿನ್ನುವ ಅದೇ ಕೆಂಪು ರಾಜ್ಮಾ. ಅದರಿಂದ ಬೇರ್ಪಡಿಸಿದ ಫೈಟೊಹೀಮಗ್ಲುಟಿನಿನ್ ಎಂಬ ಪ್ರೋಟೀನನ್ನು ಕೆಲವೇ ಹನಿಯಷ್ಟು ಹಾಕಿ, 37 ಡಿಗ್ರಿ ಶಾಖದಲ್ಲಿ ಸುಮಾರು ಮೂರು ದಿನ ಇಡುತ್ತಾರೆ. ಅಲ್ಲಿಯವರೆಗೆ ರಕ್ತದಲ್ಲಿ ಸುಮ್ಮನಿದ್ದ ಲಿಂಫೋಸೈಟ್ ಎಂಬ ಬಿಳಿ ಕಣಗಳು ಊದಿಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ ಒಡೆಯತೊಡಗುತ್ತವೆ. ಕಣ ಒಡೆಯುವ ಹೊತ್ತಿನಲ್ಲಷ್ಟೇ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹಾಗಾಗಿ ರಾಜ್ಮಾ ಸಾರವಿಲ್ಲದೆ ಈ ಪರೀಕ್ಷೆ ಮುಂದೆ ಸಾಗುವುದೇ ಕಷ್ಟ.

ಇದನ್ನು 1960ರಲ್ಲಿ ಕಂಡುಕೊಂಡವರು ಅಮೆರಿಕದ ಫಿಲಡೆಲ್ಫಿಯಾದ ಪೀಟರ್ ನೋವೆಲ್. ಆಗ ಕೆಂಪು ಕಣಗಳನ್ನು ಗಂಟುಕಟ್ಟಿಸಿ ಬೇರೆ ಮಾಡುವುದಕ್ಕೆ ಮಾತ್ರ ರಾಜ್ಮಾ ಸಾರ ಬಳಕೆಯಲ್ಲಿತ್ತು. ಉಳಿದ ಬಿಳಿ ಕಣಗಳು ಒಡೆಯುತ್ತಿರುವುದನ್ನು ನೋಡಿ ನೋವೆಲ್ ಬೆರಗಾದರು. ಲಿಂಫೋಸೈಟುಗಳ ಬೆಳವಣಿಗೆ ಮುಗಿದಿದೆ, ಅವು ಇನ್ನು ಒಡೆಯುವುದಿಲ್ಲ ಎಂದೇ ಆಗಿನವರು ನಂಬಿದ್ದರು. ಆ ನಂಬಿಕೆಯನ್ನು ಒಂದು ಕಾಳಿನ ರಸ ಬುಡಮೇಲು ಮಾಡಿತು.

ಗಿಡಮೂಲಿಕೆಯ ರಸ ನಮ್ಮ ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸಬಲ್ಲದೇ ಎಂಬ ಪ್ರಶ್ನೆಗೆ ಅಂದೇ ಉತ್ತರ ಸಿಕ್ಕಿತು: ಹೌದು, ಬಲ್ಲದು. ಆದರೆ ಅದೇ ರಾಜ್ಮಾವನ್ನು ಹಸಿಯಾಗಿಯೋ ಅರೆಬೆಂದದ್ದಾಗಿಯೋ ತಿಂದರೆ ಅದೇ ಪ್ರೋಟೀನಿನಿಂದ ವಾಂತಿ, ಭೇದಿ ಶುರುವಾಗುತ್ತದೆ. ಚೆನ್ನಾಗಿ ಕುದಿಸಿದರೆ ಪ್ರೋಟೀನು ಕೆಟ್ಟು ನಿರುಪದ್ರವಿಯಾಗುತ್ತದೆ, ಜೊತೆಗೆ ಕಣಗಳನ್ನು ಎಬ್ಬಿಸುವ ಗುಣವನ್ನೂ ಕಳೆದುಕೊಳ್ಳುತ್ತದೆ. ಕಾಳು ಒಂದೇ, ಫಲ ಮೂರು ಬಗೆ. ಎಲ್ಲಿ, ಎಷ್ಟು, ಯಾವ ರೂಪದಲ್ಲಿ, ಎಷ್ಟು ಹೊತ್ತು ಎಂಬುದರ ಮೇಲೆ ಫಲ ನಿಂತಿದೆ. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಡಬ್ಬಿಗಳ ಮೇಲೆ ಅಚ್ಚಾಗುವ ಸಾಲಿನಲ್ಲಿ ಈ ನಾಲ್ಕೂ ಪ್ರಶ್ನೆಗಳು ಮಾಯವಾಗಿರುತ್ತವೆ. ಆ ಪ್ರಶ್ನೆಗಳನ್ನು ಮತ್ತೆ ಕೇಳಲೇಬೇಕು.

ಮೊದಲು, ಗಿಡದ ರಸಕ್ಕೆ ನಮ್ಮ ದೇಹ ಸ್ಪಂದಿಸುವುದಾದರೂ ಏಕೆ? ಅಮೆರಿಕದ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಇದಕ್ಕೆ ದಾರಿ ತೋರಿಸುವ ಒಂದು ವಿಚಾರ ಮಂಡಿಸಿದರು. ಶುದ್ಧವಾದ ಪ್ರೋಟೀನನ್ನು ಪ್ರಾಣಿಯ ದೇಹಕ್ಕೆ ಚುಚ್ಚಿದರೆ ಅದು ಹೊರಗಿನದೇ ಆದರೂ ದೇಹ ಅಷ್ಟಾಗಿ ಗಮನಿಸುವುದಿಲ್ಲ. ಜೊತೆಗೆ ಅಪಾಯದ ಸೂಚನೆಯೂ ಇದ್ದರೆ ಮಾತ್ರ ಅದು ಕೆರಳುತ್ತದೆ. ಹಾಗಿದ್ದರೆ ಸೂಕ್ಷ್ಮಜೀವಿಗಳ ಮೈಮೇಲಿನ ಕೆಲವು ಸಾಮಾನ್ಯ ಗುರುತುಗಳನ್ನು ಹಿಡಿಯುವ ಗ್ರಾಹಿಗಳು ನಮ್ಮ ಕಣಗಳಲ್ಲಿ ಹುಟ್ಟಿನಿಂದಲೇ ಇರಬೇಕು ಎಂದು ಅವರು ಊಹಿಸಿದರು. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಹಣ್ಣುನೊಣದಲ್ಲಿ, 1998ರಲ್ಲಿ ಅಮೆರಿಕದ ಬ್ರೂಸ್ ಬ್ಯೂಟ್ಲರ್ ಇಲಿಯಲ್ಲಿ ಅಂಥ ಗ್ರಾಹಿಗಳನ್ನು ತೋರಿಸಿಕೊಟ್ಟರು. ಟೋಲ್ ಮಾದರಿಯ ಗ್ರಾಹಿಗಳು ಎಂಬುದು ಅವುಗಳ ಹೆಸರು. 2011ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಗಿಡಗಳ ಕೋಶಭಿತ್ತಿಯಲ್ಲಿರುವ ಉದ್ದುದ್ದ ಸಕ್ಕರೆ ಸರಪಳಿಗಳಲ್ಲಿ ಕೆಲವು, ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಮೈಮೇಲಿನ ಸರಪಳಿಗಳನ್ನು ಹೋಲುತ್ತವೆ. ಇವು ಮ್ಯಾಕ್ರೋಫೇಜ್ ಎಂಬ ಕಬಳಿಸುವ ಕಣದ ಗ್ರಾಹಿಗೆ ತಗಲಿದರೆ ಸಾಕು, ಸೋಂಕು ಬಂದಿದೆ ಎಂದೇ ಅದು ತಿಳಿಯುತ್ತದೆ. ಸೈಟೊಕೈನ್ ಎಂಬ ಸಂದೇಶವಾಹಕಗಳನ್ನು ಸುರಿದು ಉಳಿದ ಕಣಗಳನ್ನು ಕರೆಯುತ್ತದೆ. ಇನ್ನು ಕೆಲವು ಗಿಡಗಳು ತಮ್ಮನ್ನು ತಿನ್ನಬರುವ ಕೀಟ, ಬೂಷ್ಟುಗಳ ವಿರುದ್ಧ ತಯಾರಿಸಿಕೊಂಡ ವಿಷಗಳು ನಮ್ಮ ಕಣಗಳಿಗೆ ತುಸುವೇ ಗಾಯ ಮಾಡಿ, ಆ ಗಾಯದ ಮೂಲಕ ಎಚ್ಚರಿಸುತ್ತವೆ. ಗಿಡಮೂಲಿಕೆಗಳ ಪ್ರಚೋದಕ ಗುಣದ ಹಿಂದೆ ಹೆಚ್ಚಾಗಿ ಇರುವುದು ಈ ಎರಡು ದಾರಿಗಳು.

ನಮ್ಮಲ್ಲಿ ಈ ಮಾತು ಬಂದ ಕೂಡಲೇ ನೆನಪಾಗುವುದು ಅಮೃತಬಳ್ಳಿ. ಮಾವು, ಬೇವಿನ ಮರಗಳಿಗೆ ಹಬ್ಬಿ, ಹೃದಯದಾಕಾರದ ಎಲೆ ಬಿಟ್ಟು, ದಾರದಂಥ ಬಿಳಲು ಇಳಿಸುವ ಬಳ್ಳಿ ಇದು. ಬೆರಳುಗಾತ್ರದ ಕಾಂಡದ ಮೇಲಿನ ತೆಳು ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಹಸಿರು ಕಾಣುತ್ತದೆ. ಅಡ್ಡಕ್ಕೆ ಕೊಯ್ದರೆ ಬಂಡಿಯ ಗಾಲಿಯ ಅರೆಕಾಲುಗಳಂಥ ಗೆರೆಗಳು, ಬೆರಳಿಗೆ ಅಂಟುವ ಲೋಳೆ, ನಾಲಿಗೆಗೆ ಕಹಿ. ಕಾಂಡವನ್ನು ಜಜ್ಜಿ ನೀರಿನಲ್ಲಿ ಕಿವುಚಿ ಬಿಟ್ಟರೆ ತಳದಲ್ಲಿ ಬಿಳಿ ಹಿಟ್ಟು ನಿಲ್ಲುತ್ತದೆ. ಆಯುರ್ವೇದದಲ್ಲಿ ಅಮೃತಬಳ್ಳಿ ಸತ್ವ ಎನ್ನುವುದು ಇದನ್ನೇ. ಚರಕ ಸಂಹಿತೆ ರಸಾಯನ ದ್ರವ್ಯಗಳಲ್ಲಿ ಇದನ್ನು ಎಣಿಸಿದೆ.

ಆಧುನಿಕ ಪ್ರಯೋಗಾಲಯಗಳೂ ಈ ಬಳ್ಳಿಯನ್ನು ಕಡೆಗಣಿಸಿಲ್ಲ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದರ ಕಾಂಡದಿಂದ ಒಂದು ಸಕ್ಕರೆ ಸರಪಳಿಯನ್ನು ಬೇರ್ಪಡಿಸಿ, ಅದು ಇಲಿಗಳ ಲಿಂಫೋಸೈಟುಗಳನ್ನು ಒಡೆಯುವಂತೆ ಮಾಡುತ್ತದೆ ಎಂದು ತೋರಿಸಿದರು. ಅದೇ ಊರಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಶರದಿನಿ ಡಹಾಣೂಕರ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮನುಷ್ಯರಲ್ಲಿ ಪರೀಕ್ಷೆ ನಡೆಸಿದರು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಬಂದವರ ಬಿಳಿ ಕಣಗಳು ಮಂಕಾಗಿರುತ್ತವೆ, ಶಸ್ತ್ರಚಿಕಿತ್ಸೆಯ ಸುತ್ತಮುತ್ತ ಅವರ ರಕ್ತಕ್ಕೆ ಸುಲಭವಾಗಿ ನಂಜೇರುತ್ತದೆ. ಅಂಥ 30 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಅಳೆದ ಪ್ರಮಾಣದಲ್ಲಿ ಅಮೃತಬಳ್ಳಿಯ ಸಾರವನ್ನು ಬಾಯಿಯ ಮೂಲಕ ಕೊಟ್ಟರು. ಆ ಗುಂಪಿನವರ ಬಿಳಿ ಕಣಗಳ ಕಬಳಿಸಿ ಕೊಲ್ಲುವ ಶಕ್ತಿ ಮರಳಿತು, ನಂಜಿನ ಕಾಟ ಕಡಿಮೆಯಾಯಿತು. 1993ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಆದರೆ ಪ್ರಶ್ನೆ ಖಚಿತವಾಗಿತ್ತು: ಯಾರಿಗೆ, ಯಾವಾಗ, ಎಷ್ಟು, ಯಾವ ತೊಂದರೆಗೆ. ನೂರಾರು, ಸಾವಿರಾರು ರೋಗಿಗಳ ದೊಡ್ಡ ಪರೀಕ್ಷೆಯಾಗಿ ಅದು ಬೆಳೆಯಬೇಕಿತ್ತು. ಬೆಳೆಯದೇ ಹೋದದ್ದು ನಮ್ಮೆಲ್ಲರ ನಷ್ಟ.

ಪ್ರಯೋಗಾಲಯದ ಫಲಿತಾಂಶವನ್ನು ಹಾಗೆಯೇ ನಂಬಿಬಿಡಲೂ ಆಗದು. ನಾವು ನುಂಗಿದ ಸಕ್ಕರೆ ಸರಪಳಿ ಗಾಜಿನ ತಟ್ಟೆಯಲ್ಲಿರುವಂತೆ ನೇರವಾಗಿ ಬಿಳಿ ಕಣದ ಮೇಲೆ ಬೀಳುವುದಿಲ್ಲ. ಹೊಟ್ಟೆಯ ಆಮ್ಲ, ಕರುಳಿನ ಕಿಣ್ವ, ಅಲ್ಲಿನ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ಅದು ದಾಟಬೇಕು. ಇನ್ನೊಂದು ತೊಡಕು ಗಿಡದೊಳಗೇ ಇದೆ. ಶೀತಕ್ಕೆ ಮದ್ದೆಂದು ಅಮೆರಿಕ, ಯುರೋಪುಗಳಲ್ಲಿ ಹೆಸರು ಮಾಡಿದ ಎಕಿನೇಶಿಯ ಗಿಡದ ಸಾರವನ್ನು ಮಿಸಿಸಿಪ್ಪಿ ವಿಶ್ವವಿದ್ಯಾಲಯದವರು ಶೋಧಿಸಿದಾಗ, ಮ್ಯಾಕ್ರೋಫೇಜುಗಳನ್ನು ಕೆರಳಿಸುತ್ತಿದ್ದುದು ಬಹುಮಟ್ಟಿಗೆ ಆ ಗಿಡದೊಳಗೆ ವಾಸಿಸುವ ಬ್ಯಾಕ್ಟೀರಿಯಾಗಳ ಅಂಶ ಎಂದು ಗೊತ್ತಾಯಿತು. ಬ್ಯಾಕ್ಟೀರಿಯಾದ ಅಂಶ ಎಳ್ಳಷ್ಟು ಸೇರಿದರೂ ಟೋಲ್ ಗ್ರಾಹಿಗಳು ಗುರುತಿಸುತ್ತವೆ. ಹಾಗಾಗಿ ಗಿಡದ ಗುಣ ಎಂದು ಹೇಳುವ ಮುನ್ನ ಆ ಅಂಶವನ್ನು ಬೇರ್ಪಡಿಸಿ ನೋಡಲೇಬೇಕು. ಶೀತವನ್ನು ಎಕಿನೇಶಿಯ ಗುಣಪಡಿಸುತ್ತದೆಯೇ ಎಂಬ ಪ್ರಶ್ನೆಯ ಮೇಲೆ ನಡೆದ 24 ಪರೀಕ್ಷೆಗಳನ್ನು 2014ರ ಕಾಕ್ರೇನ್ ಪರಾಮರ್ಶೆ ಒಟ್ಟುಗೂಡಿಸಿ ನೋಡಿತು. ಗಟ್ಟಿಯಾದ ಪುರಾವೆ ಅದಕ್ಕೆ ಸಿಗಲಿಲ್ಲ.

ಹಾಗಾದರೆ ಈ ಎಲ್ಲ ತೊಡಕುಗಳನ್ನು ದಾಟಿ, ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸುವ ಸಸ್ಯಸಾರ ಎಂದು ಜಗತ್ತೇ ಒಪ್ಪಿದ ಉದಾಹರಣೆ ಒಂದಾದರೂ ಇದೆಯೇ? ಇದೆ. ಅದು ಸಿಗುವುದು ದಕ್ಷಿಣ ಅಮೆರಿಕದ ಚಿಲಿ ದೇಶದ ಕಾಡುಗಳಲ್ಲಿ.

ಅಲ್ಲಿನ ಕ್ವಿಲ್ಲಾಯ್ ಎಂಬ ನಿತ್ಯಹಸಿರು ಮರದ ತೊಗಟೆಯನ್ನು ನೀರಿನಲ್ಲಿ ಉಜ್ಜಿದರೆ ನಮ್ಮ ಸೀಗೆಕಾಯಿ, ಅಂಟುವಾಳಕಾಯಿಗಳಂತೆಯೇ ನೊರೆ ಏಳುತ್ತದೆ. ಅಲ್ಲಿನ ಮಪುಚೆ ಜನ ತಲೆತಲಾಂತರದಿಂದ ಇದನ್ನು ಸಾಬೂನಾಗಿ ಬಳಸುತ್ತ ಬಂದಿದ್ದಾರೆ. ನೊರೆಗೆ ಕಾರಣ ಸಪೊನಿನ್ ಎಂಬ ವಸ್ತು. ಅದರ ಒಂದು ತುದಿ ನೀರಿಗೆ, ಇನ್ನೊಂದು ತುದಿ ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಕೊಳೆ ತೆಗೆಯುವ ಈ ಗುಣವೇ ಜೀವಕೋಶದ ಪೊರೆಯನ್ನು ತೂತು ಮಾಡುವ ಗುಣವೂ ಹೌದು, ಏಕೆಂದರೆ ಪೊರೆ ಕೊಬ್ಬಿನದು. ಕಾರೆಕಾಯಿಯನ್ನು ಜಜ್ಜಿ ಹೊಳೆಗೆ ಹಾಕಿದರೆ ಮೀನು ಮತ್ತೇರಿ ತೇಲುವುದಕ್ಕೂ ಅದರಲ್ಲಿರುವ ಸಪೊನಿನ್ ಕಾರಣ.

ಇದನ್ನು ಲಸಿಕೆಗೆ ತಂದ ಕಥೆ ಕುದುರೆ ಲಾಯದಲ್ಲಿ ಆರಂಭವಾಯಿತು. 1920ರ ದಶಕದಲ್ಲಿ ಫ್ರಾನ್ಸಿನ ಪಾಶ್ಚರ್ ಸಂಸ್ಥೆಯ ಪಶುವೈದ್ಯ ಗ್ಯಾಸ್ಟನ್ ರಾಮೊನ್, ಡಿಫ್ತೀರಿಯಾ ರೋಗಕ್ಕೆ ಪ್ರತಿವಿಷ ತಯಾರಿಸಲು ಕುದುರೆಗಳಿಗೆ ಸೂಜಿ ಚುಚ್ಚುತ್ತಿದ್ದರು. ಚುಚ್ಚಿದ ಜಾಗದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲಿ ಪ್ರತಿವಿಷ ಹೆಚ್ಚಾಗಿರುವುದನ್ನು ಅವರು ಗಮನಿಸಿದರು. ಹಾಗಿದ್ದರೆ ಬೇಕೆಂದೇ ಅಲ್ಲಿ ತುಸು ಉರಿಯೂತ ಎಬ್ಬಿಸಿದರೆ ಹೇಗೆ ಎಂದು ಮರಗೆಣಸಿನ ಹಿಟ್ಟು, ಬ್ರೆಡ್ಡಿನ ಚೂರು, ಸಪೊನಿನ್ ಮುಂತಾದವನ್ನು ಬೆರೆಸಿ ನೋಡಿದರು. ಪ್ರತಿವಿಷ ಏರಿತು. ಲಸಿಕೆಗೆ ಬೆರೆಸುವ ಇಂಥ ಪ್ರಚೋದಕಕ್ಕೆ ಅಡ್ಜುವೆಂಟ್ ಎನ್ನುತ್ತಾರೆ. 1926ರಲ್ಲಿ ಬ್ರಿಟನ್ನಿನ ಅಲೆಕ್ಸಾಂಡರ್ ಗ್ಲೆನಿ ಅಲ್ಯೂಮಿನಿಯಂ ಲವಣಕ್ಕೂ ಈ ಗುಣವಿದೆ ಎಂದು ತೋರಿಸಿದ ಮೇಲೆ ಮನುಷ್ಯರ ಲಸಿಕೆಗಳಲ್ಲಿ ಅದೇ ನೆಲೆಯೂರಿತು. ಸಪೊನಿನ್ ದನಗಳ ಕಾಲುಬಾಯಿ ಜ್ವರದ ಲಸಿಕೆಗಳಿಗೆ ಸೇರಿತು. ಕೆಂಪು ರಕ್ತಕಣಗಳನ್ನೇ ಒಡೆಯುವ ಅದನ್ನು ಮನುಷ್ಯರಿಗೆ ಚುಚ್ಚುವ ಧೈರ್ಯ ಯಾರಿಗೂ ಇರಲಿಲ್ಲ.

ಮುಂದಿನ ದಾರಿ ದೀರ್ಘವಾದದ್ದು. 1974ರಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಡಾಲ್ಸ್‌ಗಾರ್ಡ್ ಕ್ವಿಲ್ಲಾಯ್ ತೊಗಟೆಯ ಸಾರವನ್ನು ಶುದ್ಧೀಕರಿಸಿ, ಪ್ರಚೋದಕ ಗುಣವಿರುವ ಪಾಲನ್ನು ಬೇರೆ ಮಾಡಿದರು. ಅದೂ ಹಲವು ಸಪೊನಿನ್‌ಗಳ ಮಿಶ್ರಣವೇ ಆಗಿತ್ತು. 1991ರಲ್ಲಿ ಅಮೆರಿಕದ ಷಾರ್ಲೆಟ್ ಕೆನ್ಸಿಲ್ ಮತ್ತು ಸಂಗಡಿಗರು ಅದನ್ನು ಕ್ರೊಮೆಟೊಗ್ರಫಿ ಕೊಳವೆಯಲ್ಲಿ ಹಾಯಿಸಿ ಒಂದೊಂದನ್ನೇ ಬಿಡಿಸಿದರು. ಅವುಗಳಲ್ಲಿ 21ನೆಯದು ಪ್ರಚೋದನೆಯಲ್ಲಿ ಮುಂದಿತ್ತು, ವಿಷದಲ್ಲಿ ಹಿಂದಿತ್ತು. ಕ್ಯೂಎಸ್-21 ಎಂಬ ಹೆಸರು ಬಂದದ್ದು ಹಾಗೆ. ಆಮೇಲೆ ಅದನ್ನು ಕೊಲೆಸ್ಟರಾಲ್ ಬೆರೆತ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಹುದುಗಿಸಿದರು. ಸಪೊನಿನ್ ಆ ಕೊಲೆಸ್ಟರಾಲನ್ನು ಹಿಡಿದುಕೊಂಡು ಕೂರುವುದರಿಂದ ರಕ್ತಕಣಗಳ ತಂಟೆಗೆ ಹೋಗುವುದಿಲ್ಲ.

ಇದು ದೇಹದಲ್ಲಿ ಕೆಲಸ ಮಾಡುವ ಬಗೆಯನ್ನು ನೋಡಿ. ತೋಳಿಗೆ ಚುಚ್ಚಿದ ಲಸಿಕೆ ಹತ್ತಿರದ ದುಗ್ಧಗ್ರಂಥಿಗೆ ಹರಿದುಹೋಗುತ್ತದೆ. ಅಲ್ಲಿನ ಮ್ಯಾಕ್ರೋಫೇಜ್, ಡೆಂಡ್ರೈಟಿಕ್ ಕಣಗಳು ರೋಗಾಣುವಿನ ಪ್ರೋಟೀನನ್ನೂ ಸಪೊನಿನ್ನನ್ನೂ ಒಟ್ಟಿಗೆ ನುಂಗುತ್ತವೆ. ಕಣದೊಳಗಿನ ಜೀರ್ಣಚೀಲದ ಪೊರೆಯನ್ನು ಸಪೊನಿನ್ ಸಡಿಲಿಸುತ್ತದೆ. ಕಣಕ್ಕೆ ತೊಂದರೆಯ ಅರಿವಾಗಿ ಅದು ಸೈಟೊಕೈನ್ ಸುರಿಸುತ್ತದೆ. ಚೀಲದಿಂದ ಸೋರಿದ ಪ್ರೋಟೀನಿನ ತುಣುಕುಗಳನ್ನು ಮೈಮೇಲೆ ಹೊತ್ತು ಲಿಂಫೋಸೈಟುಗಳಿಗೆ ತೋರಿಸುತ್ತದೆ. ಪ್ರತಿಕಾಯ ತಯಾರಿಸುವ ಕಣಗಳೂ, ಸೋಂಕಿತ ಕೋಶಗಳ ವಿರುದ್ಧ ಕೆಲಸ ಮಾಡುವ ಟಿ ಕಣಗಳೂ ಒಟ್ಟಿಗೆ ಸಜ್ಜಾಗುತ್ತವೆ. ಕೆಲವೇ ದಿನಗಳಲ್ಲಿ ಉರಿಯೂತ ಇಳಿಯುತ್ತದೆ, ನೆನಪು ಉಳಿಯುತ್ತದೆ. ಇನ್ನೊಂದು ಮುಖ್ಯ ಸಂಗತಿ: ಪ್ರಚೋದಕವೂ ಪ್ರೋಟೀನೂ ಒಂದೇ ಜಾಗದಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಸೇರಬೇಕು. ಒಂದು ಇಲ್ಲಿ ಇನ್ನೊಂದು ಅಲ್ಲಿ ಆದರೆ ಫಲವಿಲ್ಲ.

ಸರ್ಪಸುತ್ತಿಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, ಈಗ ಭಾರತದಲ್ಲೂ ಸಿಗುತ್ತಿರುವ ಶಿಂಗ್ರಿಕ್ಸ್ ಲಸಿಕೆಯ ಒಂದು ಡೋಸಿನಲ್ಲಿ ಈ ಸಪೊನಿನ್ 50 ಮೈಕ್ರೋಗ್ರಾಂ ಇರುತ್ತದೆ, ಅಂದರೆ ಒಂದು ಮಿಲಿಗ್ರಾಂನ ಇಪ್ಪತ್ತರಲ್ಲಿ ಒಂದು ಭಾಗ. ಬ್ಯಾಕ್ಟೀರಿಯಾದಿಂದ ಪಡೆದ ಇನ್ನೊಂದು ಪ್ರಚೋದಕವೂ ಜೊತೆಗಿದೆ. 50 ದಾಟಿದವರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ನೂರಕ್ಕೆ 97ರಷ್ಟು ರಕ್ಷಣೆ ಕೊಟ್ಟಿತು. ವಯಸ್ಸಾದಂತೆ ಲಸಿಕೆಗಳಿಗೆ ದೇಹದ ಸ್ಪಂದನೆ ಕುಗ್ಗುವುದು ಸಾಮಾನ್ಯ, ಹಾಗಿರುವಾಗ ಇದು ದೊಡ್ಡ ಸಾಧನೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮೊದಲ ಮಲೇರಿಯಾ ಲಸಿಕೆಯಲ್ಲೂ ಇದೇ ತೊಗಟೆಯ ಸಾರವಿದೆ. 2023ರ ಅಕ್ಟೋಬರಿನಲ್ಲಿ ಶಿಫಾರಸಾದ ಎರಡನೇ ಮಲೇರಿಯಾ ಲಸಿಕೆ ಆರ್21ರಲ್ಲೂ ಇದೆ. ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ ಆ ಲಸಿಕೆ ತಯಾರಾಗುತ್ತಿರುವುದು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ. ಅದರ ಒಂದು ಡೋಸಿನಲ್ಲಿ ಮಲೇರಿಯಾ ಪ್ರೋಟೀನು 5 ಮೈಕ್ರೋಗ್ರಾಂ, ಸಪೊನಿನ್ ಕಣಗಳು 50 ಮೈಕ್ರೋಗ್ರಾಂ. ಆಫ್ರಿಕಾದ ಮಕ್ಕಳಿಗೆ ಮಲೇರಿಯಾ ಕಾಲಕ್ಕೆ ಮುನ್ನ ಕೊಟ್ಟಾಗ ಮೊದಲ ವರ್ಷ ನೂರಕ್ಕೆ ಸುಮಾರು 75ರಷ್ಟು ಪ್ರಕರಣಗಳನ್ನು ಅದು ತಡೆಯಿತು.

ಇದೇ ತೊಗಟೆಯ ಸಾರವನ್ನು ತಂಪು ಪಾನೀಯಗಳಲ್ಲಿ ನೊರೆ ನಿಲ್ಲಲೆಂದು ಇ-999 ಎಂಬ ಸಂಖ್ಯೆಯಡಿ ಬೆರೆಸುತ್ತಾರೆ. ಹಾಗೆ ಅದನ್ನು ಕುಡಿದವರಿಗೆ ಸರ್ಪಸುತ್ತಿನಿಂದಾಗಲಿ ಮಲೇರಿಯಾದಿಂದಾಗಲಿ ರಕ್ಷಣೆ ಸಿಗುವುದಿಲ್ಲ. ಗಿಡಕ್ಕೆ ಗುಣವಿದೆ ಎನ್ನುವುದಕ್ಕೂ, ಆ ಗುಣ ನಮಗೆ ದಕ್ಕುತ್ತದೆ ಎನ್ನುವುದಕ್ಕೂ ನಡುವೆ ಇರುವ ಅಂತರ ಇಷ್ಟು ದೊಡ್ಡದು. 1974ರಿಂದ 2017ರವರೆಗೆ ನಾಲ್ಕು ದಶಕಗಳ ದುಡಿಮೆ ಆ ಅಂತರವನ್ನು ತುಂಬಿತು.

ನಾವು ಆ ಅಂತರವನ್ನು ಒಂದೇ ಜಿಗಿತಕ್ಕೆ ದಾಟಲು ಹೋದದ್ದು 2020ರಲ್ಲಿ. ಕೋವಿಡ್ ಭಯದಲ್ಲಿ ಕಾಂಪೌಂಡಿನ ಅಮೃತಬಳ್ಳಿಯೆಲ್ಲ ಬರಿದಾಯಿತು. ಭಯದಲ್ಲಿದ್ದ ಜನ ಕೈಗೆಟಕಿದ್ದನ್ನು ನೆಚ್ಚಿಕೊಂಡದ್ದು ತಪ್ಪಲ್ಲ. ಆದರೆ ದಿನಕ್ಕೆ ಎಷ್ಟು, ಎಷ್ಟು ದಿನ, ಯಾರು ಕುಡಿಯಬಾರದು ಎಂದು ಅವರಿಗೆ ಸ್ಪಷ್ಟವಾಗಿ ಹೇಳುವವರು ಇರಲಿಲ್ಲ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬೈನ ಲಿವರ್ ತಜ್ಞರು ಈ ಬಳ್ಳಿ ಸೇವಿಸಿ ಕಾಮಾಲೆಯಾದ ಆರು ಮಂದಿಯನ್ನು ಕಂಡು ವರದಿ ಮಾಡಿದರು. ಬೇರೆ ಜಾತಿಯ ಬಳ್ಳಿಯೊಂದಿಗೆ ಗೊಂದಲವಾಗಿರಬೇಕು, ಅಮೃತಬಳ್ಳಿ ಸುರಕ್ಷಿತ ಎಂದು ಆಯುಷ್ ಸಚಿವಾಲಯ ಉತ್ತರಿಸಿತು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು 43 ಇಂಥ ರೋಗಿಗಳ ವಿವರ ಪ್ರಕಟಿಸಿದರು. ಸಂಗ್ರಹಿಸಿದ ಮಾದರಿಗಳನ್ನು ಪರೀಕ್ಷಿಸಿ, ಅದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿದ್ದರು. ಸೇವನೆ ಆರಂಭಿಸಿ ಸುಮಾರು 46 ದಿನಗಳ ಹೊತ್ತಿಗೆ ತೊಂದರೆ ಕಾಣಿಸಿತ್ತು. ಬಳ್ಳಿ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು, ಮೊದಲೇ ಲಿವರ್ ಕೆಟ್ಟಿದ್ದ ಕೆಲವರು ಉಳಿಯಲಿಲ್ಲ.

ಈ ರೋಗಿಗಳಲ್ಲಿ ಕಂಡ ಹಾನಿಯ ಬಗೆಯನ್ನು ಗಮನಿಸಬೇಕು. ಅನೇಕರಲ್ಲಿ ಅದು ಸ್ವಯಂನಿರೋಧಕ ಹೆಪಟೈಟಿಸ್‌ನ ರೂಪದಲ್ಲಿತ್ತು, ಅಂದರೆ ರೋಗನಿರೋಧಕ ಕಣಗಳು ತಮ್ಮದೇ ಲಿವರಿನ ಮೇಲೆ ಬಿದ್ದಿದ್ದವು. ಈ ಬಳ್ಳಿ ಕಣಗಳನ್ನು ಪ್ರಚೋದಿಸುತ್ತದೆ ಎಂದು ಪ್ರಯೋಗಾಲಯಗಳು ಹೇಳಿದ್ದವು. ಆ ಪ್ರಚೋದನೆ ಕೆಲವರಲ್ಲಿ ಬೇಡದ ಜಾಗದಲ್ಲಿ, ಬೇಡದಷ್ಟು ಆಯಿತು ಎಂದು ಯೋಚಿಸಲು ಇಲ್ಲಿ ಕಾರಣವಿದೆ. ಗುಣವೂ ಅಪಾಯವೂ ಬೇರೆ ಬೇರೆ ಕಡೆಯಿಂದ ಬರುವುದಿಲ್ಲ.

ರೋಗನಿರೋಧಕ ಶಕ್ತಿ ಒಲೆಯ ಉರಿಯಿದ್ದಂತೆ, ಬೇಕಾದಾಗ ಏರಬೇಕು, ಕೆಲಸ ಮುಗಿದಾಗ ಇಳಿಯಬೇಕು. ಕೋವಿಡ್ ಕಾಲವೇ ಇದಕ್ಕೆ ಸಾಕ್ಷಿ. ವೆಂಟಿಲೇಟರ್‌ವರೆಗೆ ಹೋದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ಕಡಿಮೆ ಮಾಡಿದ್ದು ಡೆಕ್ಸಾಮೆಥಸೋನ್ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷೆ ತೋರಿಸಿತು. ಅದು ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಔಷಧ. ಆಮ್ಲಜನಕದ ಅಗತ್ಯವೇ ಇಲ್ಲದ ರೋಗಿಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಒಂದೇ ಕಾಯಿಲೆಯಲ್ಲಿ, ಮೊದಲ ವಾರಕ್ಕೂ ಎರಡನೇ ವಾರಕ್ಕೂ ಬೇಕಾದದ್ದು ಬೇರೆ.

ಹಾಗಾಗಿ ಸಂಧಿವಾತ, ಲೂಪಸ್, ಸ್ವಯಂನಿರೋಧಕ ಥೈರಾಯ್ಡ್ ತೊಂದರೆ, ಲಿವರ್ ಕಾಯಿಲೆ ಇರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡು ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಇಂಥ ಯಾವ ಕಷಾಯವನ್ನೂ ದಿನಚರಿ ಮಾಡಿಕೊಳ್ಳಬಾರದು. ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಕುಡಿಯುತ್ತಿರುವ ಕಷಾಯ, ಚೂರ್ಣದ ಹೆಸರನ್ನು ಮರೆಯದೆ ಹೇಳಬೇಕು. ವೈದ್ಯರೂ ಅದನ್ನು ಗದರದೆ ಕೇಳಿ ಬರೆದುಕೊಳ್ಳಬೇಕು. ಗದರಿಸಿಕೊಂಡ ರೋಗಿ ಮುಂದಿನ ಸಲ ಬಾಯಿ ಬಿಡುವುದಿಲ್ಲ. ಕಾಯಿಲೆಯ ಕಾರಣ ಹುಡುಕಲು ಬೇಕಾದ ಸುಳಿವು ಅಲ್ಲಿಗೇ ತಪ್ಪಿಹೋಗುತ್ತದೆ.

ಇಷ್ಟು ಹೇಳಿದ್ದು ಬಳ್ಳಿಯನ್ನು ಕಿತ್ತೆಸೆಯಿರಿ ಎನ್ನುವುದಕ್ಕಲ್ಲ. ಅದರಲ್ಲಿ ಶಕ್ತಿಯಿದೆ ಎಂದು ನಂಬುವವನು ನಾನು, ಅದಕ್ಕೇ ಅದರ ಬಗ್ಗೆ ಅಸಡ್ಡೆ ಸಲ್ಲದು ಎನ್ನುತ್ತೇನೆ. ಯಲಹಂಕದ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದಲ್ಲಿ ಔಷಧಿ ಸಸ್ಯಗಳ ದೊಡ್ಡ ಸಂಗ್ರಹವಿದೆ. ರಾಜ್ಯದಲ್ಲಿ ಆಯುರ್ವೇದ ಕಾಲೇಜುಗಳಿವೆ, ಬೋಧನಾ ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ಜೀವವಿಜ್ಞಾನದ ಸಂಸ್ಥೆಗಳಿವೆ. ಇವರೆಲ್ಲ ಒಂದೆಡೆ ಕೂತು, ಯಾವ ಜಾತಿಯ ಬಳ್ಳಿ, ಅದರೊಳಗಿನ ಯಾವ ಅಂಶ, ಎಷ್ಟು ಪ್ರಮಾಣ, ಎಷ್ಟು ದಿನ, ಯಾರಿಗೆ ಕೊಡಬಾರದು ಎಂಬ ಪ್ರಶ್ನೆಗಳನ್ನು ಹಿಡಿದು ಕೆಲಸ ಮಾಡಬೇಕು. ಕೆಇಎಂ ಆಸ್ಪತ್ರೆಯಲ್ಲಿ 30 ರೋಗಿಗಳ ಮೇಲೆ ನಡೆದ ಪರೀಕ್ಷೆಯನ್ನು ಹಲವು ಆಸ್ಪತ್ರೆಗಳಲ್ಲಿ, ಸಾಕಷ್ಟು ರೋಗಿಗಳೊಂದಿಗೆ ಮತ್ತೆ ನಡೆಸಬೇಕು. ಫಲ ಬಂದರೆ ಬಂತು ಎಂದೂ, ಬಾರದಿದ್ದರೆ ಬರಲಿಲ್ಲ ಎಂದೂ ಅಷ್ಟೇ ಸ್ಪಷ್ಟವಾಗಿ ಪ್ರಕಟಿಸಬೇಕು. ಸರ್ಕಾರ ಅದಕ್ಕೆ ಹಣ ಕೊಡಬೇಕು. ಅಲ್ಲಿಯವರೆಗೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಅಚ್ಚುಹಾಕುವ ಪ್ರತಿಯೊಂದು ಡಬ್ಬಿಯ ಮೇಲೂ, ಯಾರು ಸೇವಿಸಬಾರದು ಮತ್ತು ಎಷ್ಟು ದಿನಕ್ಕೆ ನಿಲ್ಲಿಸಬೇಕು ಎಂಬ ಎರಡು ಸಾಲುಗಳನ್ನು ಅದೇ ಗಾತ್ರದ ಅಕ್ಷರದಲ್ಲಿ ಕಡ್ಡಾಯ ಮಾಡಬೇಕು. ಹಣ ಕೊಟ್ಟು ಕೊಳ್ಳುವವರಿಗೆ ಇಷ್ಟನ್ನು ತಿಳಿಯುವ ಹಕ್ಕಿದೆ.